ಹಕ್ಕಿಗಳನ್ನು ಕುರಿತು ಒಬ್ಬ ಸಹೋದರಿಯ ಪ್ರಶ್ನೆ

(ಮತ್ತಾಯ 6:26, 10:29)



ಕಳೆದ ವರುಷ ಸುಗ್ಗಿಯ ಹಬ್ಬದ ಆರಾಧನೆಯಲ್ಲಿ ನಾವು ಒಂದು ಹಳ್ಳಿಯ ಸಭೆಯವರಿಗೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಿಂದ ಪ್ರಸಂಗ ಮಾಡಿದೆವು. ಬಿತ್ತದೆಯೂ ಕೊಯ್ಯದೆಯೂ ಇರುವ ಹಕ್ಕಿಗಳನ್ನು ಪರಲೋಕದ ತಂದೆಯು ಸಾಕುತ್ತಾನೆಂಬ ಕರ್ತನ ಉಪದೇಶವು ನಮಗೆ ಚಿಕ್ಕಂದಿನಿಂದಲೂ ಬಾಯಿಪಾಠವಾಗಿದ್ದದರಿಂದ ಪ್ರಸಂಗವು ಸುಲಭವಾಗಿಯೇ ನಡೆಯಿತು. ಆರಾಧನೆ ಮುಗಿದ ಮೇಲೆ ಒಬ್ಬ ವೃದ್ಧ ಸಹೋದರಿಯು ಬಾಗಿಲ ಬಳಿಯಲ್ಲಿ ನಮಗಾಗಿ ಕಾದು ನಿಂತಿದ್ದರು. "ಅಯ್ಯನವರೇ, ನೀವು ಹೇಳಿದ್ದು ಕೇಳುವದಕ್ಕೆ ಚೆನ್ನಾಗಿತ್ತು. ಆದರೆ ನಮ್ಮ ಕೆರೆ ಒಣಗಿದ ವರುಷ ಮರದ ಕೆಳಗೆ ಬೆಳ್ಳಕ್ಕಿಯ ಮರಿಗಳು ಸತ್ತು ಬಿದ್ದಿದ್ದವು. ಗುಡಿಸಿ ಎತ್ತಿ ಹಾಕಿದವಳು ನಾನೇ. ಅವುಗಳನ್ನು ಯಾರು ಸಾಕಿದರು?" ಎಂದು ಕೇಳಿದರು.

ಆ ಸಹೋದರಿಯು ಹಿಂದಿನ ವರುಷವೇ ಪ್ರಾಯಕ್ಕೆ ಬಂದ ಮಗನನ್ನು ಮಣ್ಣಿಗೆ ಕೊಟ್ಟವರು ಎಂಬದು ನಮಗೆ ತಿಳಿದಿತ್ತು. ಪ್ರಶ್ನೆಯು ಬೆಳ್ಳಕ್ಕಿಗಳನ್ನು ಮಾತ್ರ ಕುರಿತದ್ದಲ್ಲವೆಂಬದೂ ತಿಳಿಯಿತು. ನಾವು ದೇವರ ಚಿತ್ತವೆಂದು ಏನನ್ನೋ ಹೇಳಿ ಹೊರಟುಬಂದೆವು. ದಾರಿಯುದ್ದಕ್ಕೂ ಆ ಉತ್ತರವು ನಮಗೇ ಸಪ್ಪೆಯಾಗಿ ತೋರಿತು.

ಮನೆಗೆ ಬಂದು ವಾಕ್ಯವನ್ನು ಮತ್ತೊಮ್ಮೆ ತೆರೆದು ನೋಡಲಾಗಿ, ಕರ್ತನು ಮೊದಲು ಕೊಟ್ಟದ್ದು ಸಮಾಧಾನವಲ್ಲ, ಒಂದು ಅಪ್ಪಣೆ, ಎಂಬದು ಕಂಡುಬಂತು. ಹಕ್ಕಿಗಳ ಕಡೆಗೆ ನೋಡಬೇಕೆಂಬದೇ ಆ ಅಪ್ಪಣೆ. ಮೂಲ ಗ್ರೀಕ್ ಸುವಾರ್ತೆಯಲ್ಲಿ ಇರುವ ಶಬ್ದಕ್ಕೆ ಸುಮ್ಮನೆ ಕಣ್ಣೆತ್ತುವದೆಂದು ಅರ್ಥವಲ್ಲ, ದೃಷ್ಟಿಯನ್ನು ನೆಟ್ಟು ನೋಡುವದೆಂದು ಅರ್ಥ. ಲೂಕನ ಸುವಾರ್ತೆಯಲ್ಲಿ ಇದೇ ಉಪದೇಶವು ಬರುವಲ್ಲಿ, ಮನಸ್ಸಿಟ್ಟು ಆಲೋಚಿಸುವದೆಂಬ ಇನ್ನೊಂದು ಶಬ್ದವಿದೆ. ನಾವೋ, ಮೂವತ್ತು ವರುಷಗಳಿಂದ ಈ ವಾಕ್ಯದ ಮೇಲೆ ಪ್ರಸಂಗಿಸುತ್ತಾ ಬಂದಿದ್ದರೂ ಒಂದೇ ಒಂದು ಹಕ್ಕಿಯನ್ನಾದರೂ ಕಾಲು ಗಂಟೆಯ ಹೊತ್ತು ನೋಡಿದವರಲ್ಲ. ಆ ಸಹೋದರಿಯು ನೋಡಿದ್ದರು. ಆದದರಿಂದಲೇ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೀಗಿರಲಾಗಿ ನಾವೂ ಹೋಗಿ ನೋಡಬೇಕೆಂದು ನಿಶ್ಚಯಿಸಿ, ಈ ವರುಷದ ಮಾರ್ಚಿ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದೆವು.

ಆ ಸ್ಥಳವನ್ನು ಕಾಣದವರಿಗಾಗಿ ಸ್ವಲ್ಪ ಹೇಳುತ್ತೇವೆ. ಅಲ್ಲಿ ಕಾವೇರಿ ನದಿಯ ನಡುವೆ ಮರಗಳಿಂದಲೂ ಬಿದಿರಿನಿಂದಲೂ ತುಂಬಿದ ಕೆಲವು ಸಣ್ಣ ತಿಟ್ಟುಗಳಿವೆ. 1645ರಿಂದ 1648ರ ವರೆಗಿನ ಕಾಲದಲ್ಲಿ ಮೈಸೂರಿನ ಅರಸನಾದ ಕಂಠೀರವ ನರಸರಾಜ ಒಡೆಯನು ಗದ್ದೆಗಳಿಗೆ ನೀರು ತರುವದಕ್ಕಾಗಿ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದನು; ನೀರು ನಿಂತು ಈ ತಿಟ್ಟುಗಳು ಉಂಟಾದವು. ಅರಸನು ಬಯಸಿದ್ದು ಭತ್ತ. ಹಕ್ಕಿಗಳು ಅವನ ಲೆಕ್ಕದಲ್ಲಿರಲಿಲ್ಲ. ಆದರೆ ಹಕ್ಕಿಗಳು ಬಂದವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಅಲ್ಲಿ ಗೂಡುಗಳ ಸಮೂಹವನ್ನು ಕಂಡು ಮೈಸೂರು ಸಂಸ್ಥಾನದವರಿಗೆ ತಿಳಿಸಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವೆಂದು ಸಾರಲ್ಪಟ್ಟಿತು. 2022ರಲ್ಲಿ ಲೋಕದ ಮುಖ್ಯವಾದ ಜೌಗುಭೂಮಿಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಯಲ್ಲಿಯೂ ಸೇರಿತು.

ನಾವು ಬೆಳಿಗ್ಗೆ ಬೇಗನೆ ಹೋಗಿ ದೋಣಿಯಲ್ಲಿ ಕುಳಿತೆವು. ಅಂಬಿಗನು ಹುಟ್ಟು ಹಾಕುತ್ತಾ, "ಅಗೋ ಸ್ವಾಮಿ, ಆ ಬಂಡೆಯ ಮೇಲೆ ಮೊಸಳೆ" ಎಂದನು. ನಮಗೆ ಬಂಡೆ ಮಾತ್ರ ಕಂಡಿತು. ದೋಣಿಯು ಇನ್ನೂ ಹತ್ತಿರವಾದಾಗ ಬಂಡೆಯ ಅರ್ಧವು ಬಾಯಿ ತೆರೆಯಿತು. ನಮ್ಮ ಹಿಂದೆ ಕುಳಿತಿದ್ದ ಕೆಲವು ಯುವಕರು ಆ ಹೊತ್ತೆಲ್ಲಾ ಮೊಬೈಲನ್ನು ಹಿಡಿದು ತಮ್ಮ ಮುಖಗಳನ್ನೇ ಚಿತ್ರ ತೆಗೆಯುತ್ತಿದ್ದರು. ಅವರಿಗೆ ಮೊಸಳೆಯು ಕಂಡಿತೋ ಇಲ್ಲವೋ ಅರಿಯೆವು. ಆದರೆ ಅವರನ್ನು ನಿಂದಿಸುವದಕ್ಕೆ ನಮಗೆ ಬಾಯಿಲ್ಲ. ನಾವು ಸತ್ಯವೇದವನ್ನು ಹಿಡಿದು ಅದನ್ನೇ ಮಾಡಿದವರಲ್ಲವೇ?

ಮೊದಲು ನಮಗೆ ಎಲ್ಲವೂ ಬಿಳಿಯ ಹಕ್ಕಿಗಳಾಗಿಯೇ ತೋರಿದವು. ಅಂಬಿಗನು ಒಂದೊಂದನ್ನಾಗಿ ಬೇರ್ಪಡಿಸಿ ತೋರಿಸಿದನು. ಉದ್ದವಾದ ಹಳದಿಯ ಕೊಕ್ಕು, ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಬಾಲದ ಬಳಿಯಲ್ಲಿ ಗುಲಾಬಿಯ ಬಣ್ಣ, ಇದು ಬಣ್ಣದ ಕೊಕ್ಕರೆ. ಇದು ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಇಟ್ಟುಕೊಂಡು ನಡೆಯುವದು. ಮೀನು ಕೊಕ್ಕಿಗೆ ತಗಲಿದ ಕ್ಷಣವೇ ಮುಚ್ಚುವದು. ಕಣ್ಣಿಗೆ ಕಾಣದ ಕದಡಿದ ನೀರಿನಲ್ಲಿಯೂ ಅದಕ್ಕೆ ಆಹಾರ ಸಿಕ್ಕುವದು ಹೀಗೆಯೇ. ಬಾಯಿಕಳಕವೆಂಬ ಇನ್ನೊಂದು ಕೊಕ್ಕರೆಯುಂಟು. ಅದರ ಕೊಕ್ಕಿನ ಎರಡು ಭಾಗಗಳು ನಡುವೆ ಕೂಡುವದೇ ಇಲ್ಲ, ಸಂದಿಯಿರುವದು. ಅದು ಬಸವನಹುಳುವನ್ನು ಚಿಪ್ಪಿನೊಳಗಿಂದ ತೆಗೆದು ತಿನ್ನುವ ಹಕ್ಕಿ. ಮರಿಯ ಕೊಕ್ಕಿನಲ್ಲಿ ಈ ಸಂದಿ ಇರುವದಿಲ್ಲ, ಬೆಳೆಯುತ್ತಾ ಉಂಟಾಗುವದು. ಚಮಚಕೊಕ್ಕು ತನ್ನ ಚಪ್ಪಟೆಯಾದ ಕೊಕ್ಕನ್ನು ನೀರಿನಲ್ಲಿ ಕುಡುಗೋಲು ಬೀಸುವಂತೆ ಅತ್ತಿತ್ತ ಬೀಸುವದು. ಹಾವಕ್ಕಿ ನೀರಿನೊಳಗೆ ಮುಳುಗಿ ಬೇಟೆಯಾಡಿ, ನೆನೆದ ರೆಕ್ಕೆಗಳನ್ನು ಬಂಡೆಯ ಮೇಲೆ ಅಗಲವಾಗಿ ಬಿಚ್ಚಿ ಒಣಗಿಸುವದು.

ತಂದೆಯು ಸಾಕುವದೆಂದರೆ ಬಾಯಿಗೆ ತುತ್ತು ಬಂದು ಬೀಳುವದೆಂದು ಯಾರಾದರೂ ನೆನಸಿದ್ದರೆ ಅಂಥವರು ರಂಗನತಿಟ್ಟಿಗೆ ಹೋಗಿ ಒಂದು ಬೆಳಿಗ್ಗೆ ಕೂತಿರಲಿ. ಬೆಳಗಾದದ್ದು ಮೊದಲುಗೊಂಡು ಅಲ್ಲಿ ದುಡಿಮೆಯೇ ದುಡಿಮೆ. ಹಕ್ಕಿಗಳು ಸುತ್ತಮುತ್ತಲಿನ ಕೆರೆಗಳಿಗೂ ಭತ್ತದ ಗದ್ದೆಗಳಿಗೂ ಹಾರಿಹೋಗಿ ಹೊಟ್ಟೆಯಲ್ಲಿ ಮೀನು ತುಂಬಿಕೊಂಡು ಬಂದು, ಗೂಡಿನ ಅಂಚಿನಲ್ಲಿ ನಿಂತು ಮರಿಗಳ ಮುಂದೆ ಕಕ್ಕುತ್ತವೆ. ಕಣಜವಿಲ್ಲವೆಂಬದು ನಿಜ. ಕೂಲಿಯಿಲ್ಲದೆ ಹೊಟ್ಟೆ ತುಂಬುವದೆಂಬದು ನಿಜವಲ್ಲ. ದಿನಗೂಲಿಯಿಂದ ಜೀವಿಸುವ ನಮ್ಮ ಸಭೆಯವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

ಹೊತ್ತು ಏರಿ ಬಿಸಿಲು ಖಾರವಾಯಿತು. ಆಗ ಒಂದು ಗೂಡಿನಲ್ಲಿ ತಾಯಿಯೋ ತಂದೆಯೋ (ನೋಡಿ ತಿಳಿಯುವದು ಕಷ್ಟ, ಎರಡೂ ಮರಿಗಳನ್ನು ನೋಡಿಕೊಳ್ಳುತ್ತವೆ) ಸೂರ್ಯನಿಗೆ ಬೆನ್ನುಮಾಡಿ ನಿಂತು, ಎರಡು ರೆಕ್ಕೆಗಳನ್ನೂ ಕೊಡೆಯ ಹಾಗೆ ಬಿಚ್ಚಿತು. ಆ ನೆರಳಿನೊಳಗೆ ಮೂರು ಮರಿಗಳು ಕುಕ್ಕರಿಸಿದವು. ದೋಣಿಯು ತಿಟ್ಟನ್ನು ಸುತ್ತಿಕೊಂಡು ಬರುವ ತನಕವೂ ಆ ಹಕ್ಕಿಯು ಕದಲಲಿಲ್ಲ. ಕೊಕ್ಕನ್ನು ತೆರೆದು ಏದುತ್ತಾ ನಿಂತೇ ಇತ್ತು. ಕೀರ್ತನೆಗಳಲ್ಲಿ ದೇವರ ರೆಕ್ಕೆಗಳ ಮರೆಯನ್ನು ಕುರಿತು ಓದುವಾಗಲೆಲ್ಲಾ ನಾವು ಮಳೆಯ ರಾತ್ರಿಯಲ್ಲಿ ಮರಿಗಳನ್ನು ಅಡಗಿಸಿಕೊಂಡ ಕೋಳಿಯನ್ನು ನೆನಸುತ್ತಿದ್ದೆವು. ಆ ಮರೆಯೊಳಗೆ ಬೆಚ್ಚಗಿರುವದು ಎಂದುಕೊಂಡಿದ್ದೆವು. ನೆರಳು ಕೊಡುವವನು ತಾನೇ ಬಿಸಿಲಿನಲ್ಲಿ ನಿಲ್ಲಬೇಕೆಂಬದು ಅಂದಿನ ವರೆಗೆ ನಮಗೆ ತೋಚಿರಲಿಲ್ಲ.

ಇನ್ನು ಆ ಸಹೋದರಿಯ ಪ್ರಶ್ನೆಗೆ ಬರೋಣ. ನದಿಯ ನಡುವೆ ಒಂದು ಬೋಳು ಬಂಡೆಯ ಮೇಲೆ ನದಿರೀವವೆಂಬ ಹಕ್ಕಿಗಳು ಕೂತಿದ್ದವು. ಕಪ್ಪು ತಲೆ, ಹಳದಿಯ ಕೊಕ್ಕು, ಕವಲೊಡೆದ ಬಾಲ. ನೋಡುವದಕ್ಕೆ ಬಹು ಅಂದ. ಇವು ಗೂಡನ್ನು ಕಟ್ಟುವದಿಲ್ಲ. ಬೇಸಗೆಯಲ್ಲಿ ನೀರು ಇಳಿದು ಬಂಡೆಯೂ ಮರಳೂ ಹೊರಬಿದ್ದಾಗ ಅಲ್ಲಿಯೇ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಕಲ್ಲಿನ ಬಣ್ಣದವು, ಮೇಲೆ ಮಚ್ಚೆಗಳು. ಅಂಬಿಗನು ತೋರಿಸಿದ ಮೇಲೆಯೂ ಅವು ನಮ್ಮ ಕಣ್ಣಿಗೆ ಸಿಕ್ಕುವದಕ್ಕೆ ಹೊತ್ತಾಯಿತು. "ನೀರು ಏರಿದರೆ?" ಎಂದು ಕೇಳಿದೆವು. "ಹೋಯಿತು ಸ್ವಾಮಿ" ಎಂದು ಅವನು ಹುಟ್ಟನ್ನು ತೋರಿಸುವಂತೆ ಮೇಲಕ್ಕೆತ್ತಿ ಕೆಳಗೆ ಬಿಟ್ಟನು. ಮೇಲ್ಗಡೆಯಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿದೆ. ಅಲ್ಲಿಂದ ನೀರನ್ನು ಹೆಚ್ಚಾಗಿ ಬಿಟ್ಟರೆ ಈ ಬಂಡೆಗಳು ಮುಳುಗುತ್ತವೆ. 2018ರಲ್ಲಿಯೂ 2019ರಲ್ಲಿಯೂ ಮಳೆಗಾಲದ ನೆರೆಯಲ್ಲಿ ತಿಟ್ಟುಗಳೇ ಮುಳುಗಿ ದೋಣಿಗಳು ನಿಂತುಹೋದವು. ಅಂಥ ನೆರೆಯಲ್ಲಿ ತಗ್ಗಿನ ಗೂಡುಗಳು ಉಳಿಯುವದಿಲ್ಲ. ನೆರೆಯಿಲ್ಲದ ಕಾಲದಲ್ಲಿಯೂ ಗೂಡಿನಿಂದ ಜಾರಿದ ಮರಿಯು ಮೊಸಳೆಯ ಪಾಲಾಗುವದುಂಟು. ಮೂರು ಮೊಟ್ಟೆಗಳೊಡೆದರೆ ಮೂರೂ ಹಾರುವವೆಂಬ ನಿಶ್ಚಯ ಯಾವ ಗೂಡಿಗೂ ಇಲ್ಲ.

ಪ್ರಿಯರೇ, ನಾವು ಇದನ್ನು ಮರೆಮಾಚಲಾರೆವು. ಹಕ್ಕಿಗಳನ್ನು ನಿಜವಾಗಿ ನೋಡಿದವನು ಅವು ಸಾಕಲ್ಪಡುವದನ್ನೂ ಕಾಣುವನು, ಅವು ಬೀಳುವದನ್ನೂ ಕಾಣುವನು. ಮೊದಲನೆಯದನ್ನು ಮಾತ್ರ ಸಾರಿ ಎರಡನೆಯದನ್ನು ನುಂಗಿಕೊಳ್ಳುವ ಬೋಧಕನು ಕೆರೆಯ ದಡದಲ್ಲಿ ಮರಿಗಳನ್ನು ಗುಡಿಸಿದವಳ ಮುಂದೆ ನಿಲ್ಲಲಾರನು. ಹಾಗಾದರೆ ಕರ್ತನಿಗೆ ಇದು ತಿಳಿದಿರಲಿಲ್ಲವೋ? ಗಲಿಲಾಯದ ಸರೋವರದ ತೀರದಲ್ಲಿ ನಡೆದಾಡಿದವನಿಗೆ ನೀರಹಕ್ಕಿಗಳ ಬಾಳು ತಿಳಿಯದೇ? ಅದೇ ಸುವಾರ್ತೆಯಲ್ಲಿ ನಾಲ್ಕು ಅಧ್ಯಾಯಗಳನ್ನು ದಾಟಿ 10ನೆಯ ಅಧ್ಯಾಯಕ್ಕೆ ಬನ್ನಿರಿ. ಅಲ್ಲಿ ಆತನು ಮತ್ತೆ ಹಕ್ಕಿಗಳ ಮಾತನ್ನೆತ್ತಿದನು. ಈ ಸಲ ಅವು ಆಕಾಶದಲ್ಲಿಲ್ಲ, ಸಂತೆಯಲ್ಲಿವೆ. ಒಂದು ಚಿಕ್ಕ ಕಾಸಿಗೆ ಎರಡರಂತೆ ಬಡವರಿಗೆ ಮಾರಲ್ಪಡುವ ಗುಬ್ಬಿಗಳು. ಲೂಕನು ಬರೆದಂತೆ ಎರಡು ಕಾಸಿಗೆ ಐದು; ಅಂದರೆ ಒಂದು ಗುಬ್ಬಿಯನ್ನು ಕೊಸರಾಗಿ ಹಾಕುತ್ತಿದ್ದರು. ಆ ಕೊಸರಿನ ಗುಬ್ಬಿಯೂ ಮರೆಯಲ್ಪಡುವದಿಲ್ಲವೆಂದು ಆತನು ಹೇಳಿದನು. ಅವು ಬೀಳುವದಿಲ್ಲವೆಂದು ಆತನು ಎಲ್ಲಿಯೂ ಹೇಳಲಿಲ್ಲ, ಇದನ್ನು ಚೆನ್ನಾಗಿ ಗಮನಿಸಿರಿ. ಬೀಳುವಾಗ ತಂದೆಯನ್ನು ಅಗಲಿ ಬೀಳುವದಿಲ್ಲವೆಂದನು. ಯಾತಕ್ಕೆ ಬೀಳುತ್ತದೆಂಬದಕ್ಕೆ ಅಲ್ಲಿ ಕಾರಣವನ್ನು ಕೊಡಲಿಲ್ಲ. ಮಗನನ್ನು ಕಳೆದುಕೊಂಡವರ ಮನೆಗೆ ಹೋಗಿ ಕಾರಣಗಳನ್ನು ಹಂಚುವ ನಮ್ಮಂಥವರು ಆತನ ಈ ಮೌನವನ್ನು ಕಲಿಯತಕ್ಕದ್ದು. ಈ ಮಾತನ್ನು ಆತನು ಹೇಳಿದ್ದು ಹಿಂಸೆಯೊಳಗೆ ಕಳುಹಿಸಲ್ಪಡುತ್ತಿದ್ದ ಶಿಷ್ಯರಿಗೆ. ಹೇಳಿದವನೂ ಶಿಲುಬೆಯ ದಾರಿಯಲ್ಲಿಯೇ ಇದ್ದನು.

ಇನ್ನೊಂದು ಸಂಗತಿಯು ನಮ್ಮ ಮನಸ್ಸಿಗೆ ಬಂತು. ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಅಶುದ್ಧವಾದ ಹಕ್ಕಿಗಳ ಪಟ್ಟಿಯಿದೆಯಷ್ಟೆ. ಕೊಕ್ಕರೆ, ಬಕ, ನೀರುಕಾಗೆ ಇವುಗಳ ಜಾತಿಯವೆಲ್ಲಾ ಅದರಲ್ಲಿ ಸೇರಿವೆ. ಬಾವಲಿಯೂ ಸೇರಿದೆ, ಅದೂ ರಂಗನತಿಟ್ಟಿನ ಮರಗಳಲ್ಲಿ ನೂರಾರಾಗಿ ತಲೆಕೆಳಗಾಗಿ ತೂಗುತ್ತಿತ್ತು. ಕಾಗೆಯ ಜಾತಿಯೂ ಆ ಪಟ್ಟಿಯಲ್ಲಿಯೇ ಇದೆ. ಆದರೂ ಲೂಕನ ಸುವಾರ್ತೆಯಲ್ಲಿ ದೇವರ ಪರಾಮರಿಕೆಗೆ ದೃಷ್ಟಾಂತ ಬೇಕಾದಾಗ ಕರ್ತನು ಪಾರಿವಾಳವನ್ನು ಆರಿಸಲಿಲ್ಲ, ಕಾಗೆಯನ್ನು ಆರಿಸಿದನು. ಊರ ಬಾವಿಗೆ ಸೇರಿಸಲ್ಪಡದೆ ಕೇರಿಯ ಹೊರಗೆ ನಿಂತಿದ್ದ ನಮ್ಮ ಅಜ್ಜ ಅಜ್ಜಿಯರು ಇದರ ಅರ್ಥವನ್ನು ದೊಡ್ಡ ಪಂಡಿತರಿಗಿಂತ ಬೇಗನೆ ಗ್ರಹಿಸಿದ್ದರು.

ಮಾರನೆಯ ದಿನ ನಾವು ಬೆಂಗಳೂರಿನ ದಾರಿಯಲ್ಲಿ ಮದ್ದೂರನ್ನು ದಾಟಿ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಬೀಳುವ ಹಕ್ಕಿಯ ಸಂಗತಿಯಲ್ಲಿ ನಮಗೆ ಹೆಚ್ಚು ಕಲಿಸಿದ್ದು ಈ ಊರೇ. ಇಲ್ಲಿ ನದಿಯಿಲ್ಲ, ತಿಟ್ಟಿಲ್ಲ, ದೋಣಿಯಿಲ್ಲ. ಮನೆಗಳ ನಡುವೆ ನಿಂತಿರುವ ಹುಣಿಸೆಯ ಮರಗಳಲ್ಲಿಯೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ವರುಷ ವರುಷವೂ ಬಂದು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯೆಂದರೆ ಕೊಕ್ಕಿನ ಕೆಳಗೆ ಚೀಲವುಳ್ಳ ಆ ಭಾರಿ ಹಕ್ಕಿ. ಕೆಳಗೆ ದನಗಳು ಮೆಲಕು ಹಾಕುತ್ತವೆ, ಹೆಂಗಸರು ಪಾತ್ರೆ ತಿಕ್ಕುತ್ತಾರೆ, ಮಕ್ಕಳು ಆಡುತ್ತಾರೆ. ಮೇಲೆ ಸಂಸಾರ ನಡೆಯುತ್ತದೆ. ನಾತವೂ ಉಂಟು, ಗದ್ದಲವೂ ಉಂಟು. ಊರವರು ಅದನ್ನು ಸೈರಿಸುವದಲ್ಲದೆ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಆ ಹಕ್ಕಿಗಳನ್ನು ಕರೆಯುತ್ತಾರೆ. ಪ್ಲೇಗಿನ ಕಾಲದಲ್ಲಿ ಹಿರಿಯರು ಹಳೆಯ ಊರನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹೇಳುತ್ತಾರೆ. ಗೂಡುಗಳಿರುವ ಮರದಿಂದ ಹುಣಿಸೆಹಣ್ಣನ್ನು ಇಳಿಸುವ ಹಾಗಿಲ್ಲ. ಅದು ಬಡವನಿಗೆ ಸಣ್ಣ ನಷ್ಟವಲ್ಲ. ಅರಣ್ಯ ಇಲಾಖೆಯವರು ಮರದ ಒಡೆಯರಿಗೆ ಸ್ವಲ್ಪ ಪರಿಹಾರ ಕೊಡುವದುಂಟು, ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರವೂ ಆಗುವದು. ಆದರೆ ಈ ಪದ್ಧತಿಯು ಪರಿಹಾರಕ್ಕಿಂತ ಹಳೆಯದು. 2007ರಲ್ಲಿ ಸರಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು.

ಹಕ್ಕಿಗಳು ಬಂದರೆ ಊರಿಗೆ ಮಳೆಬೆಳೆ ಎಂಬ ನಂಬಿಕೆಯಿಂದ ಅವರು ಹೀಗೆ ಮಾಡುತ್ತಾರೆಂದೂ, ಅದು ಶಕುನ ನೋಡುವವರ ಕೆಲಸವೆಂದೂ ನಮ್ಮವರಲ್ಲಿ ಕೆಲವರು ಹೇಳಬಹುದು. ಹಾಗೆ ಹೇಳುವ ಮೊದಲು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಲಿ. ದಾರಿಯಲ್ಲಿ ಗೂಡು ಸಿಕ್ಕಿದರೆ ಮರಿಗಳ ಸಂಗಡ ತಾಯಿಯನ್ನೂ ಹಿಡಿಯಕೂಡದೆಂಬ ಆಜ್ಞೆಯು ಅಲ್ಲಿದೆ. ತಂದೆತಾಯಿಗಳನ್ನು ಸನ್ಮಾನಿಸುವವರಿಗೆ ವಾಗ್ದಾನ ಮಾಡಲ್ಪಟ್ಟ ದೀರ್ಘಾಯುಷ್ಯವೇ ಇದಕ್ಕೂ ವಾಗ್ದಾನವಾಗಿದೆ. ಆ ಆಜ್ಞೆಯನ್ನು ಓದುವ ನಾವು ಏನು ಮಾಡಿದೆವು? ಚಿಕ್ಕವರಾಗಿದ್ದಾಗ ನಾವು ಕೆರೆಯೊಳಗಿನ ಜಾಲಿಯ ಮರಗಳನ್ನು ಹತ್ತಿ ಬೆಳ್ಳಕ್ಕಿಯ ಮೊಟ್ಟೆಗಳನ್ನು ಅಂಗಿಯಲ್ಲಿ ಕಟ್ಟಿಕೊಂಡು ಇಳಿದದ್ದುಂಟು, ಅದೂ ಭಾನುವಾರದ ಪಾಠಶಾಲೆಯಲ್ಲಿ ವಾಕ್ಯವನ್ನು ಒಪ್ಪಿಸಿ ಬಹುಮಾನ ಪಡೆದ ದಿನವೇ. ಹಸಿವಿನಿಂದ ಮಾಡಿದ್ದಲ್ಲ. ಹಸಿವಿನಿಂದ ಮಾಡಿದವರನ್ನು ನಾವು ಇಲ್ಲಿ ಎಣಿಸುವದಿಲ್ಲ. ಈಗ 1972ರ ಕಾಯಿದೆಯು ಇಂಥದನ್ನೆಲ್ಲಾ ನಿಷೇಧಿಸಿದೆ. ಆದರೂ ಕೆರೆಯಂಗಳದಲ್ಲಿ ಉರುಲು ಒಡ್ಡುವವರೂ, ವಿಷವಿಟ್ಟ ಕಾಳನ್ನು ಚೆಲ್ಲುವವರೂ ನಮ್ಮ ಸಭೆಗಳಲ್ಲಿ ಒಬ್ಬರೂ ಇಲ್ಲವೆಂದು ನಾವು ಪ್ರಮಾಣ ಮಾಡಲಾರೆವು.

ನಾವು ಅಲ್ಲಿ ನಿಂತಿರುವಾಗಲೇ ಮರದ ಮೇಲೆ ಏನೋ ಜಗಳವಾಗಿ ಒಂದು ಹೆಜ್ಜಾರ್ಲೆಯ ಮರಿಯು ಕೊಂಬೆಗಳಿಗೆ ತಗಲುತ್ತಾ ನೆಲಕ್ಕೆ ಬಿತ್ತು. ಇನ್ನೂ ಹಾರಲು ಬಾರದ ಮರಿ. ತಾಯಿಯು ಮೇಲಿನಿಂದ ನೋಡಿತು, ಇಳಿಯಲಿಲ್ಲ. ಇಳಿದರೂ ಅಷ್ಟು ಭಾರವಾದ ಮರಿಯನ್ನು ಎತ್ತಿಕೊಂಡು ಹೋಗಲಾರದು. ನಾಯಿಯೊಂದು ಎದ್ದು ನಿಂತಿತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಹುಡುಗನು ಬಂದು, ನಾಯಿಯನ್ನು ಗದರಿಸಿ, ಮರಿಯನ್ನು ಗೋಣಿಚೀಲದಲ್ಲಿ ಮೆಲ್ಲಗೆ ಸುತ್ತಿ ಎತ್ತಿಕೊಂಡು ಹೋದನು. 1990ರ ದಶಕದಿಂದ ಆ ಊರಿನ ಯುವಕರು ಹೆಜ್ಜಾರ್ಲೆ ಬಳಗವೆಂಬ ಗುಂಪನ್ನು ಕಟ್ಟಿಕೊಂಡು ಈ ಕೆಲಸವನ್ನು ನಡಿಸಿದ್ದಾರೆ. ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುತ್ತಾರೆ. ಎಲ್ಲವೂ ಬದುಕುವದಿಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳ ವರೆಗೆ ಹೊಟ್ಟೆಯ ಹುಳುಗಳ ಬಾಧೆಯಿಂದ ಬೆಳೆದ ಹೆಜ್ಜಾರ್ಲೆಗಳೇ ಅಲ್ಲಿ ಒಂದೊಂದಾಗಿ ಸತ್ತವು. ಆಗಲೂ ಮರದ ಕೆಳಗೆ ಜನರು ಕಾದಿದ್ದರು.

ಆ ಹುಡುಗನು ನಮ್ಮ ಸಭೆಯವನಲ್ಲ. 10ನೆಯ ಅಧ್ಯಾಯವನ್ನು ಓದಿದವನೂ ಅಲ್ಲದಿರಬಹುದು. ಆದರೆ ಬೀಳುವ ಹಕ್ಕಿಯೊಂದಿಗೆ ಇರುವವನಾದ ತಂದೆಯು ಯಾರ ಕೈಗಳಿಂದ ಅದನ್ನು ಎತ್ತಿಸುತ್ತಾನೆಂದು ಕೇಳಿದರೆ, ಗೋಣಿಚೀಲ ಹಿಡಿದಿದ್ದ ಆ ಕೈಗಳೇ ನಮ್ಮ ಕಣ್ಣೆದುರಿಗೆ ನಿಲ್ಲುತ್ತವೆ. ಸುಗ್ಗಿಯ ಹಬ್ಬದ ದಿನ ನಮ್ಮ ಕೈಗಳಲ್ಲಿ ಪ್ರಸಂಗದ ಕಾಗದ ಮಾತ್ರವಿತ್ತು. ಮಗನು ಸತ್ತ ಮೇಲೆ ಆ ಸಹೋದರಿಯ ಮನೆಗೆ ನಾವು ಎಷ್ಟು ಸಾರಿ ಹೋಗಿದ್ದೆವು? ಒಂದೇ ಸಾರಿ, ಮಣ್ಣುಮಾಡಿದ ದಿನ.

ಹಿಂದಿರುಗಿದ ವಾರದಲ್ಲಿ ನಾವು ಅವರ ಮನೆಗೆ ಹೋದೆವು. ಜಗಲಿಯ ಮೇಲೆ ಕುಳ್ಳಿರಿಸಿ ನೀರೂ ಬೆಲ್ಲವೂ ಕೊಟ್ಟರು. ಕಂಡದ್ದನ್ನೆಲ್ಲಾ ಹೇಳಿದೆವು, ಮುಳುಗುವ ಬಂಡೆಯನ್ನೂ, ಮೊಟ್ಟೆಗಳನ್ನೂ, ಬಿಸಿಲಿಗೆ ಬೆನ್ನುಕೊಟ್ಟು ನಿಂತ ಕೊಕ್ಕರೆಯನ್ನೂ ಬಿಡಲಿಲ್ಲ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು.

"ಹಾಗಾದರೆ ಬೀಳುವದು ಉಂಟು ಅನ್ನಿ" ಎಂದರು.

"ಉಂಟು ಅವ್ವಾ" ಎಂದೆವು. "ಅಂದು ನಾವು ಅದನ್ನು ಹೇಳಲಿಲ್ಲ. ಹೇಳಬೇಕಾಗಿತ್ತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಎತ್ತಿಕೊಂಡು ಹೋದ ಮರಿ ಏನಾಯಿತು?" ಎಂದು ಕೇಳಿದರು. ನಾವು ಸಂಜೆಯ ಬಸ್ಸಿಗೆ ಹೊರಟುಬಂದದ್ದರಿಂದ ತಿಳಿಯದೆಂದು ಹೇಳಿದೆವು. "ತಿಳಿದುಕೊಂಡು ಬರಬೇಕಾಗಿತ್ತು, ಅಯ್ಯನವರೇ" ಎಂದರು. ಆಮೇಲೆ ಸುಲಿದ ಕಾಳಿನ ಮೊರವನ್ನು ಬದಿಗಿಟ್ಟು, ಕೈ ಒರಸಿಕೊಂಡು, ಗುಬ್ಬಿಗಳ ಆ ವಾಕ್ಯವನ್ನು ಓದಿರೆಂದು ಹೇಳಿದರು. ಓದಿದೆವು. ಇನ್ನೊಂದು ಸಾರಿ ಎಂದರು. ಇನ್ನೊಂದು ಸಾರಿಯೂ ಓದಿದೆವು.